ಕೂಗಿದ್ದು ಯಾರು

ಟೈಲರಕ್ಕನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುತ್ತಿದ್ದುದು ಅವಳ ಹೊಲಿಗೆ ಮೆಷಿನ್ನಿಗೆ. ಬಾಯಿ ಬಿಗಿದುಕೊಂಡು ಪೆಡಲ್ ಒತ್ತಿದಳೆಂದರೆ, ಸೂಜಿ ಬಟ್ಟೆಯನ್ನು ಹೊಲಿಯುವ ಬದಲು ಗದರಿಸುತ್ತಿರುವ ಹಾಗೆ ಸದ್ದು ಬರುತ್ತಿತ್ತು. ಆ ಶನಿವಾರ ಸಂಜೆಯೂ ಹಾಗೇ ಆಯಿತು. ತಮ್ಮ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತ.

"ಅಕ್ಕಾ, ಹೋಗಿ ಬರ್ತೀನಿ."

"ಎಲ್ಲಿಗೆ?" ಅವಳು ತಿರುಗಿ ನೋಡಲಿಲ್ಲ. ಮೆಷಿನ್ನು ಕಿಟಕಿಯ ಕಡೆ ಮುಖ ಮಾಡಿತ್ತು, ಅವಳೂ ಹಾಗೇ. ಕೈಯಲ್ಲಿ ಶಾಲೆ ಯೂನಿಫಾರಂನ ಕಾಲರಿತ್ತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೈಕಲ್ ಅಂಗಡಿ ಮೇಲೆ ಒಂದು ಕೂಟ ಸೇರುತ್ತಂತೆ. ಅಲ್ಲಿಗೆ ಬರೋರಿಗೆಲ್ಲ ದನಿ ಕೇಳಿಸುತ್ತೆ. ನನಗೆ ಕೇಳಿಸುತ್ತಲ್ಲ, ಹಾಗೆ" ಎಂದ.

ದಾರ ಪಟ್ಟನೆ ಹರಿಯಿತು. ಅವಳು ಏನಾದರೂ ಹೇಳುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಮಾಡುತ್ತಿದ್ದವನು ಅನ್ನಬೇಕು. ಕೆಲಸದಲ್ಲಿ ಅವನ ಕೈ ಚೆನ್ನಾಗಿತ್ತು. ಎಷ್ಟೇ ಹಳೆಯ ಲಿಫ್ಟಾದರೂ ಮೋಟರಿನ ಸದ್ದು ಕೇಳಿಯೇ ಎಲ್ಲಿ ಸವೆದಿದೆ ಎಂದು ಹೇಳಬಲ್ಲವನಾಗಿದ್ದ. ಒಂದು ದಿನ ಯಾವುದೋ ದೊಡ್ಡ ಆಫೀಸು ಕಟ್ಟಡದಲ್ಲಿ ಲಿಫ್ಟಿನ ತಲೆಯ ಮೇಲೆ ಹತ್ತಿ ಹಗ್ಗಗಳನ್ನು ಪರೀಕ್ಷೆ ಮಾಡುತ್ತಿದ್ದಾಗ ಯಾರೋ, 'ಇಳಿಯೋ, ನಿನ್ನ ಕೈಲಿ ಆಗಲ್ಲ, ಇಳಿ' ಅಂದರಂತೆ. ಸುತ್ತ ಯಾರೂ ಇರಲಿಲ್ಲ. ಲಿಫ್ಟನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿ, ಕಿವಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟ. ಜೊತೆಯವರು ಇಳಿಸಿಕೊಂಡು ಬಂದರು. ಆಮೇಲೆ ಆಸ್ಪತ್ರೆ, ಕಾಯಿಲೆಗೊಂದು ಉದ್ದನೆಯ ಹೆಸರು, ಮಾತ್ರೆ. ಕಂಪನಿಯವರು ಕೆಲಸದಿಂದ ತೆಗೆಯಲಿಲ್ಲ, ಬಿಡಿಭಾಗಗಳ ಸ್ಟೋರಿನಲ್ಲಿ ಕೌಂಟರಿನ ಹಿಂದೆ ಕೂರಿಸಿದರು. ಲಿಫ್ಟನ್ನು ಮತ್ತೆ ಮುಟ್ಟಲು ಬಿಡಲಿಲ್ಲ.

ಅಪ್ಪ ಅಮ್ಮ ಆಗಲೇ ಹೋಗಿಬಿಟ್ಟಿದ್ದರು. ಉಳಿದವರು ಅವರಿಬ್ಬರೇ. ತಮ್ಮನ ಸಲುವಾಗಿ ಟೈಲರಕ್ಕ ಮದುವೆಯಾಗಲಿಲ್ಲ ಎಂದು ಬೀದಿಯವರು ಮಾತಾಡಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಅವಳಿಗೆ ಮದುವೆಯೇ ಬೇಕಿರಲಿಲ್ಲ. ಆದರೆ ಜನ ಕೊಟ್ಟ ಹೆಚ್ಚುಗಾರಿಕೆಯನ್ನು ಬೇಡ ಅನ್ನುವುದು ಯಾಕೆ ಎಂದು ಅವಳೂ ಸುಮ್ಮನಿದ್ದಳು.

ಇಷ್ಟು ವರ್ಷವೂ ಎಲ್ಲವನ್ನೂ ಅವಳೇ ನೋಡಿಕೊಂಡಳು. ಬೆಳಿಗ್ಗೆ ಮಾತ್ರೆ, ಸಂಜೆ ಮಾತ್ರೆ, ಆಸ್ಪತ್ರೆಯ ಉದ್ದ ಸಾಲು. ಮಾತ್ರೆಯಿಂದ ತಮ್ಮ ಊದಿಕೊಂಡ, ಅವನ ಎಲ್ಲ ಶರ್ಟುಗಳ ಹೊಲಿಗೆ ಬಿಚ್ಚಿ ಅಗಲ ಮಾಡಿದವಳೂ ಅವಳೇ. ಅವಳಿಗೆ ತಡೆಯಲಾಗದಿದ್ದುದು ಒಂದೇ. ಏನಾದರೂ ಕೇಳಿದರೆ ಅವನು ಉತ್ತರ ಕೊಡುತ್ತಿರಲಿಲ್ಲ. "ಊಟಕ್ಕೆ ಬಾರೋ" ಅಂದರೆ ಮೌನ. "ಮಾತ್ರೆ ತಗೊಂಡ್ಯಾ" ಅಂದರೆ ಮೌನ. ಮೂರು ಸಲ ಕೂಗಿದ ಮೇಲೆ ನಿಧಾನವಾಗಿ "ಹೂಂ" ಅನ್ನುತ್ತಿದ್ದ. ಡಾಕ್ಟರನ್ನು ಕೇಳಿದ್ದಕ್ಕೆ, "ಕಾಯಿಲೆಯ ಲಕ್ಷಣ ಅಮ್ಮಾ" ಎಂದಿದ್ದರು. ಕಾಯಿಲೆ ಅಂತ ತಿಳಿದ ಮೇಲೆ ಸಿಟ್ಟು ಬರಬಾರದು. ಆದರೂ ಬರುತ್ತಿತ್ತು.

ಕೂಟಕ್ಕೆ ಹೋಗಲು ಶುರು ಮಾಡಿದ ಮೇಲೆ ತಮ್ಮ ಸ್ವಲ್ಪ ಮಾತಾಡತೊಡಗಿದ. ಆದರೆ ಆಡಿದ ಮಾತೊಂದೊಂದೂ ಅವಳಿಗೆ ಉರಿ ಹತ್ತಿಸುವಂಥದ್ದೇ. ಒಂದು ದಿನ ತಟ್ಟೆ ತೊಳೆಯುತ್ತಾ ಹೇಳಿದ.

"ಅಕ್ಕಾ, ಅಲ್ಲಿ ಡ್ರೈವರಣ್ಣ ಅಂತ ಇದ್ದಾರೆ. ಬಸ್ಸು ಓಡಿಸ್ತಿದ್ರು. ಅವರು ಹೇಳ್ತಾರೆ, ಇದನ್ನ ಕಾಯಿಲೆ ಅಂತಲೇ ಅನ್ನಬೇಕಾಗಿಲ್ವಂತೆ. ಕೆಲವರಿಗೆ ಹಾಗೆ ಕೇಳಿಸುತ್ತಂತೆ. ಯಾಕೆ ಕೇಳಿಸುತ್ತೆ, ಏನು ಹೇಳುತ್ತೆ ಅಂತ ವಿಚಾರಿಸಬೇಕಂತೆ."

"ಕಾಯಿಲೆ ಅಲ್ವಾ?" ಅವಳ ದನಿ ಏರಿತು. "ಮತ್ತೆ ನಾನು ಇಷ್ಟು ವರ್ಷ ಆಸ್ಪತ್ರೆ ಬೆಂಚು ಸವೆಸಿದ್ದು ಯಾತಕ್ಕೋ? ಹವಾ ತಗೊಳ್ಳೋಕಾ?"

"ಹಾಗಲ್ಲ ಅಕ್ಕಾ..."

"ಹಾಗಲ್ಲದೆ ಹೇಗೆ? ಬಸ್ಸಿನವರು ಡಾಕ್ಟರಾದರೆ, ಡಾಕ್ಟರು ಹೋಗಿ ಟಿಕೆಟ್ ಹರೀಲಿ!"

ಅವನು ತಟ್ಟೆಯನ್ನು ಮತ್ತೆ ಮತ್ತೆ ತೊಳೆದ. ಕೊಳೆ ಯಾವಾಗಲೋ ಹೋಗಿತ್ತು.

ಅದಾದ ಕೆಲವು ವಾರಕ್ಕೆ, ಅವನ ಪ್ಯಾಂಟನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಅರ್ಧರ್ಧ ಮುರಿದ ಮಾತ್ರೆಗಳು ಸಿಕ್ಕವು. ಅರ್ಧ ನುಂಗಿ ಅರ್ಧ ಉಳಿಸುತ್ತಿದ್ದ. ಟೈಲರಕ್ಕ ಆ ಚೂರುಗಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಟಳು. ಕಿಟಕಿಯ ಹಿಂದಿದ್ದ ಹೆಂಗಸು, "ಪೇಷಂಟ್ ಎಲ್ಲಿ?" ಎಂದಳು. ಬಂದಿಲ್ಲ ಎಂದರೆ, "ಪೇಷಂಟ್ ಇಲ್ಲದೆ ಡಾಕ್ಟರು ನೋಡಲ್ಲ." ಪೇಷಂಟ್ ಬರಲ್ಲ ಅಂತಲೇ ನಾನು ಬಂದಿರೋದು ಎಂದಳು ಟೈಲರಕ್ಕ. "ಹಾಗಾದರೆ ಪೇಷಂಟನ್ನು ಕರೆದುಕೊಂಡು ಬನ್ನಿ." ಗಾಣದೆತ್ತು ಕೂಡ ಅಷ್ಟು ಚೆನ್ನಾಗಿ ಸುತ್ತುವುದಿಲ್ಲ. ಅವಳು ಅಲ್ಲಿಂದ ಹೊರಟವಳೇ ನೆಟ್ಟಗೆ ಸೈಕಲ್ ಅಂಗಡಿಗೆ ನಡೆದಳು. ಅಂದು ಶನಿವಾರವಾಗಿತ್ತು.

ಅಂಗಡಿಯ ಪಕ್ಕದಲ್ಲೇ ಕಿರಿದಾದ ಕಬ್ಬಿಣದ ಮೆಟ್ಟಿಲು. ಮೇಲೆ ಒಂದು ಉದ್ದನೆಯ ಕೋಣೆ, ರಬ್ಬರಿನ ವಾಸನೆ, ಒಂದಕ್ಕೊಂದು ಜೋಡಿಯಾಗದ ಕುರ್ಚಿಗಳು. ಆರೇಳು ಜನ ಸುತ್ತ ಕೂತಿದ್ದರು. ಇನ್ನೇನು ಮಾಟ ಮಂತ್ರ ನೋಡಬೇಕಾಗುತ್ತದೋ ಎಂದುಕೊಂಡು ಬಂದಿದ್ದ ಅವಳಿಗೆ, ಪಿಂಚಣಿ ಆಫೀಸಿನಲ್ಲಿ ಕಾಯುತ್ತಿರುವವರ ಹಾಗೆ ಕೂತಿದ್ದ ಈ ಜನರನ್ನು ನೋಡಿ ಇನ್ನಷ್ಟು ರೇಗಿತು. ತಮ್ಮ ಅವಳನ್ನು ಕಂಡು ಕುರ್ಚಿಯಲ್ಲೇ ಕುಗ್ಗಿದ.

"ಇದಕ್ಕೆ ಯಾರು ಜವಾಬು ಹೇಳ್ತೀರಿ?" ಅಂಗೈ ಬಿಚ್ಚಿ ಚೂರುಗಳನ್ನು ತೋರಿಸಿದಳು.

ಬಿಳಿ ಮೀಸೆಯ, ದಪ್ಪ ಮಣಿಕಟ್ಟಿನ ಒಬ್ಬರು ಎದ್ದು ನಿಂತರು. ಅವರೇ ಡ್ರೈವರಣ್ಣ. "ಕೂತ್ಕೊಳ್ಳಿ ಟೈಲರಕ್ಕ. ಮಾತ್ರೆ ವಿಷಯದಲ್ಲಿ ನಾವು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಅದು ಅವರವರು ಡಾಕ್ಟರ ಜೊತೆ ಮಾತಾಡ್ಕೊಂಡು ಮಾಡೋ ಕೆಲಸ. ನಾನೇ ಎರಡು ತರದ ಮಾತ್ರೆ ತಗೋತೀನಿ."

"ಆಸ್ಪತ್ರೆಯವರು ಪೇಷಂಟನ್ನ ಕರ್ಕೊಂಡು ಬನ್ನಿ ಅಂತಾರೆ. ಪೇಷಂಟು ನಿಮ್ಮ ಮಾತು ಕೇಳ್ತಾನೆ. ನೀವು ಡಾಕ್ಟರನ್ನ ಕೇಳಿ ಅಂತೀರಿ. ಚೆನ್ನಾಗಿದೆ ಆಟ! ನಾಳೆ ಇವನಿಗೆ ಏನಾದ್ರೂ ಆದ್ರೆ ನೋಡ್ಕೊಳ್ಳೋರು ಯಾರು, ನಾನು ತಾನೆ?"

ಕಿಟಕಿಯ ಹತ್ತಿರ ಕೂತಿದ್ದ ಕನ್ನಡಕದ ಮನುಷ್ಯ ಕೈಯೆತ್ತಿದ. ಹಿಂದೆ ಬ್ಯಾಂಕಿನಲ್ಲಿದ್ದವನಂತೆ. ಕೂಟದವರು ಅವನನ್ನು ಕ್ರಾಂತಿ ಎಂದು ಕರೆಯುತ್ತಿದ್ದರು. "ಮೇಡಂ, ನಮ್ಮನ್ನ ಕಾಯಿಲೆಯವರು ಅಂತ ಕರೆದು ಬಾಯಿ ಮುಚ್ಚಿಸೋದು ಅವರಿಗೆ ಅನುಕೂಲ. ಮಾತ್ರೆ ಅನ್ನೋದು ಬೀಗ. ನಿಮ್ಮ ತಮ್ಮ ಆ ಬೀಗ ಮುರೀತಿದ್ದಾರೆ. ನೀವು ಹೆಮ್ಮೆ ಪಡಬೇಕು."

"ನೀವು ನುಂಗೋದು ಬಿಟ್ಟು ಎಷ್ಟು ದಿನ ಆಯ್ತಪ್ಪಾ?"

"ನನ್ನ ವಿಷಯ ಬೇರೆ" ಎಂದು ಕ್ರಾಂತಿ ಕನ್ನಡಕ ಒರೆಸಿಕೊಂಡ.

ಪಕ್ಕದಲ್ಲಿದ್ದ ಗಿಡ್ಡನೆಯ ಹೆಂಗಸು ಕಿಸಕ್ಕನೆ ನಕ್ಕಳು. "ಅವನೂ ನುಂಗ್ತಾನೆ. ಭಾಷಣದಲ್ಲಿ ಮಾತ್ರ ನುಂಗಲ್ಲ." ಆಸ್ಪತ್ರೆ ಎದುರು ಹೂವಿನಂಗಡಿ ಇಟ್ಟುಕೊಂಡಿದ್ದ ಹೂವಮ್ಮ ಅವಳು. ಟೈಲರಕ್ಕನಿಗೆ ಆ ನಗುವೂ ಹಿಡಿಸಲಿಲ್ಲ.

ಕೊನೆಗೆ ಡ್ರೈವರಣ್ಣ ಬಹಳ ಸಂಕೋಚದಿಂದ ಹೇಳಿದರು. "ತಪ್ಪು ತಿಳೀಬೇಡಿ ಅಮ್ಮಾ. ಇದು ಕೇಳಿಸೋರಿಗೆ ಮಾತ್ರ ಇರೋ ಜಾಗ. ಮನೆಯವರು ಕೂತರೆ ಯಾರೂ ಬಾಯಿ ಬಿಡಲ್ಲ. ಮುಗಿಯೋವರೆಗೂ ಕೆಳಗೆ ಅಂಗಡೀಲಿ ಕೂತಿರ್ತೀರಾ?"

ತನಗೆ ಏನೂ ಕೇಳಿಸುವುದಿಲ್ಲ ಎಂಬ ತಪ್ಪಿಗೆ ಹೊರಗೆ ಹಾಕಿಸಿಕೊಂಡ ಮೊದಲ ಹೆಂಗಸು ತಾನೇ ಇರಬೇಕು ಎಂದುಕೊಂಡಳು. ಕೆಳಗೆ, ನೇತುಹಾಕಿದ ಟ್ಯೂಬುಗಳ ನಡುವೆ ಒಂದು ಸ್ಟೂಲಿನ ಮೇಲೆ, ಮುರಿದ ಮಾತ್ರೆ ಹಿಡಿದುಕೊಂಡು ಕೂತಳು. ಮೇಲಿನಿಂದ ಒಂದು ಸಲ ಎಲ್ಲರೂ ನಕ್ಕಿದ್ದು ಕೇಳಿಸಿತು. ಅದರಲ್ಲಿ ತಮ್ಮನ ನಗುವೂ ಇತ್ತು. ಆ ನಗು ಕೇಳಿ ಬಹಳ ಕಾಲವಾಗಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ತನ್ನ ಎದುರಿಗೆ ಬರದ ನಗು ಈ ರಬ್ಬರು ವಾಸನೆಯಲ್ಲಿ ಹೇಗೆ ಬಂತು ಅನ್ನಿಸಿತು.

ಅವಳು ಹೆದರಿದ್ದೇ ಆಯಿತು. ಮೊದಲು ನಿದ್ದೆ ಹೋಯಿತು, ಆಮೇಲೆ ಊಟ. ಸ್ಟೋರಿನಲ್ಲಿ ಕೇಳಿದ್ದೊಂದು, ಕೊಟ್ಟದ್ದೊಂದು. ಒಂದು ಮಧ್ಯಾಹ್ನ ಮೇಸ್ತ್ರಿಯೇ ಆಟೋದಲ್ಲಿ ಕೂರಿಸಿಕೊಂಡು ಬಂದು ಬಿಟ್ಟುಹೋದರು. "ಸ್ವಲ್ಪ ದಿನ ಮನೇಲಿರಲಿ" ಎಂದವರು ಒಳಗೆ ಬರಲಿಲ್ಲ. ತಮ್ಮ ಗೋಡೆ ಪಕ್ಕದ ಮಂಚದ ಮೇಲೆ ಮಂಡಿ ಅಪ್ಪಿಕೊಂಡು ಕೂತ. ಆಸ್ಪತ್ರೆ ಎಂದರೆ ತಲೆ ಅಲ್ಲಾಡಿಸಿದ. ಮಾತ್ರೆ ಎಂದರೆ ತುಟಿ ಬಿಗಿದ.

ಟೈಲರಕ್ಕನಿಗೆ ಬೇರೆ ದಾರಿ ತೋಚಲಿಲ್ಲ. ಡ್ರೈವರಣ್ಣನಿಗೆ ಫೋನು ಮಾಡಿ, ಹಲೋ ಕೂಡ ಅನ್ನದೆ, "ಮುರಿದಿದ್ದೀರಲ್ಲ ಬೀಗ, ಈಗ ಬಂದು ನೋಡಿ" ಎಂದಳು.

ಅವರು ಬಂದೇ ಬಂದರು. ಮರುದಿನ ಹೂವಮ್ಮನೂ ಬಂದಳು. ಸರದಿ ಹಾಕಿಕೊಂಡವರ ಹಾಗೆ ಒಬ್ಬರಾದ ಮೇಲೊಬ್ಬರು ಬಂದು ತಮ್ಮನ ಹತ್ತಿರ ಕೂರುತ್ತಿದ್ದರು. ಹೆಚ್ಚು ಮಾತಿಲ್ಲ. ಡ್ರೈವರಣ್ಣ ಈರುಳ್ಳಿ ಸುಲಿದುಕೊಟ್ಟರು, ತರಕಾರಿ ಹೆಚ್ಚಿಕೊಟ್ಟರು, ಅದೂ ಹೆಬ್ಬೆರಳು ಗಾತ್ರ. ಹೂವಮ್ಮ ಮಂಚದ ಕೆಳಗೆ ಕಾಲು ಚಾಚಿಕೊಂಡು ಹೂವಿನ ದೇಟು ಕತ್ತರಿಸುತ್ತಾ ಮನೆತುಂಬ ಎಲೆ ಉದುರಿಸಿದಳು. ಕ್ರಾಂತಿ ಮಾತ್ರ ಬರಲಿಲ್ಲ. ತನ್ನ ಮನೆಯಲ್ಲಿ ತನಗೇ ಓಡಾಡಲು ಜಾಗವಿಲ್ಲ ಎಂದು ಟೈಲರಕ್ಕ ಗೊಣಗಿದಳು. ಶಾಲೆ ಶುರುವಾಗುವ ಕಾಲ, ಯೂನಿಫಾರಂ ರಾಶಿ ಬಿದ್ದಿತ್ತು. ಬಂದವರನ್ನು ಕಳಿಸಿಬಿಡೋಣ ಎಂದರೆ ತಮ್ಮ ಅವರಿದ್ದಾಗ ಎರಡು ತುತ್ತಾದರೂ ತಿನ್ನುತ್ತಿದ್ದ. ಕಳಿಸುವ ಹಾಗೂ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ.

ಅಂಥದ್ದೇ ಒಂದು ಮಧ್ಯಾಹ್ನ. ಅವಳು ಮೆಷಿನ್ನಿನ ಮುಂದೆ, ಹೂವಮ್ಮ ನೆಲದ ಮೇಲೆ, ತಮ್ಮ ಮಂಚದ ಮೇಲೆ.

"ಹಾಲು ಕಾಯಿಸಿಟ್ಟಿದ್ದೀನಿ, ಕುಡಿಯೋ" ಎಂದಳು ಟೈಲರಕ್ಕ, ಅಂಗಿಯ ತೋಳಿಗೆ ಹೊಲಿಗೆ ಹಾಕುತ್ತಾ.

ಮೌನ.

"ಕುಡಿಯೋ, ಆರಿ ಹೋಗುತ್ತೆ."

ಮೌನ.

"ಕಿವಿ ಬಿದ್ದು ಹೋಗಿದೆಯೇನೋ? ಎಷ್ಟು ಸಲ ಕೂಗ್ಬೇಕು?"

ಹೂವಮ್ಮ ಕತ್ತರಿ ಕೆಳಗಿಟ್ಟಳು. ಮೆತ್ತಗೆ ತಮ್ಮನನ್ನು ಕೇಳಿದಳು. "ಈಗ ಕೂಗಿದ್ದು ಯಾರು? ಗೊತ್ತಾಯ್ತಾ?"

ತಮ್ಮ ತಲೆ ಎತ್ತಿ ಅಕ್ಕನ ಬೆನ್ನನ್ನು ನೋಡಿದ. ಹೂವಮ್ಮನನ್ನು ನೋಡಿದ. "ಗೊತ್ತಾಗಲಿಲ್ಲ" ಎಂದ.

"ಎರಡೂ ಒಂದೇ ತರ ಇದೆಯಾ?"

"ಹೂಂ."

ಟೈಲರಕ್ಕ ಮೆಷಿನ್ನು ನಿಲ್ಲಿಸಿದಳು. "ಏನು ಎರಡು? ಏನು ಒಂದೇ ತರ?"

ತಮ್ಮ ಮಂಚದ ಅಂಚು ಹಿಡಿದುಕೊಂಡ. ಹೂವಮ್ಮ, "ಹೇಳೋದು ಬಿಡೋದು ನಿನ್ನಿಷ್ಟ. ನಾನು ಹೇಳಲ್ಲ" ಎಂದಳು. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು.

"ನಿನ್ನ ದನಿ ಅಕ್ಕಾ" ಎಂದ ತಮ್ಮ. "ನನಗೆ ಕೇಳಿಸೋದು. ಮೊದಲಿಂದಲೂ. ಅಲ್ಲಿ ಲಿಫ್ಟಿನ ಮೇಲೆ ಇಳಿ ಅಂದಿದ್ದೂ ನಿನ್ನ ದನಿಯೇ. ನೀನಲ್ಲ ಅಂತ ಗೊತ್ತು. ಆದರೆ ದನಿ ನಿಂದೇ."

"ನಾನು ಯಾವತ್ತು ಅಂದೆ ಹಾಗೆ?"

"ನೀನು ಅಂದಿಲ್ಲ. ಅವಳು ಅಂತಾಳೆ. ದಂಡಪಿಂಡ ಅಂತಾಳೆ. ನಿನ್ನಿಂದ ನಾನು ಹಾಳಾದೆ ಅಂತಾಳೆ. ಊಟ ಮಾಡು ಅಂತಾನೂ ಅಂತಾಳೆ. ಅದಕ್ಕೇ... ನೀನು ಆ ಕಡೆ ತಿರುಗಿಕೊಂಡು ಕೂಗಿದಾಗ, ನೀನು ಕೂಗಿದ್ಯೋ ಅವಳು ಕೂಗಿದ್ಲೋ ಗೊತ್ತಾಗಲ್ಲ. ಅವಳಿಗೆ ಉತ್ತರ ಕೊಟ್ಟರೆ ಬಿಡೋದೇ ಇಲ್ಲ. ಅದಕ್ಕೆ ಕಾಯ್ತೀನಿ. ಮೂರು ಸಲ ಆದ ಮೇಲೆ ಸಾಮಾನ್ಯವಾಗಿ ನೀನೇ ಆಗಿರ್ತೀಯ. ಅವಳಿಗೆ ಅಷ್ಟು ತಾಳ್ಮೆ ಇಲ್ಲ."

ಕೊನೆಯ ಮಾತಿಗೆ ಹೂವಮ್ಮನಿಗೆ ನಗು ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಟೈಲರಕ್ಕ ನಗಲಿಲ್ಲ.

"ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ. ಕೇಳಿಸುತ್ತಾ, ಕೇಳಿಸಲ್ವಾ ಅಂತ ಕೇಳ್ತಾರೆ. ಯಾರ ದನಿ ಅಂತ ಡ್ರೈವರಣ್ಣ ಮೊದಲು ಕೇಳಿದ್ದು." ಅವನು ತಗ್ಗಿದ ದನಿಯಲ್ಲಿ ಸೇರಿಸಿದ. "ಕೇಳಿದ್ರೂ ಹೇಳ್ತಿರಲಿಲ್ಲ. ನಿನಗೆ ಬೇಜಾರಾಗುತ್ತಲ್ಲ."

ಬೇಜಾರು ಅಂದರೆ ಸಣ್ಣ ಮಾತು. ಇವನಿಗಾಗಿ ಎದ್ದದ್ದು, ಕೂತದ್ದು, ಸಾಲಿನಲ್ಲಿ ನಿಂತದ್ದು, ಎಲ್ಲದರ ಕೊನೆಗೆ ಇವನ ತಲೆಯೊಳಗಿನ ರಾಕ್ಷಸಿಯೂ ನಾನೇ ಆಗಬೇಕೇ? ಬೈಯುವುದಕ್ಕೆ ಬೇರೆ ಯಾರ ದನಿಯೂ ಸಿಗಲಿಲ್ಲವೇ? ಅವಳಿಗೆ ಕೂಗಾಡಬೇಕು ಅನ್ನಿಸಿತು. ಕೂಗಾಡಿದರೆ ಅದೂ ಹೋಗಿ ಆ ಲೆಕ್ಕಕ್ಕೇ ಸೇರುತ್ತದೆ ಎಂದು ಹೊಳೆದು ಬಾಯಿ ಮುಚ್ಚಿಕೊಂಡಳು. ಒಂದು ಸಿಟ್ಟನ್ನು ಹೊರಗೆ ಹಾಕಲೂ ದಾರಿಯಿಲ್ಲದ ಹಾಗಾಯಿತಲ್ಲ ಎಂದು ಮತ್ತೊಂದು ಸಿಟ್ಟು ಬಂತು.

ಆಮೇಲೆ ಅವಳು ಮಾತೇ ಬಿಟ್ಟಳು. ನನ್ನ ದನಿಯೇ ಇವನಿಗೆ ಶತ್ರುವಾದರೆ ದನಿಯೇ ಬೇಡ. ತಟ್ಟೆಯನ್ನು ಮಂಚದ ಪಕ್ಕ ಇಟ್ಟು ಹೋಗುತ್ತಿದ್ದಳು. ಮಾತ್ರೆಯನ್ನು ಲೋಟದ ಪಕ್ಕ ಇಡುತ್ತಿದ್ದಳು. ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದುಕೊಂಡಳು. ಆ ಒಳ್ಳೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಮುನಿಸಿತ್ತು ಅನ್ನುವುದು ಅವಳಿಗೂ ಗೊತ್ತಿತ್ತು.

ತಮ್ಮನ ಸ್ಥಿತಿ ಇನ್ನೂ ಕೆಟ್ಟಿತು. ಎರಡು ಮೂರು ದಿನದ ಮೇಲೆ, ಅವಳು ಗುಂಡಿಗೆ ಕಾಜ ಹೊಲಿಯುತ್ತಾ ಕೂತಿದ್ದಾಗ, ಅವನು ಮಂಚದಿಂದಿಳಿದು ಬಂದು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಕಣ್ಣುಗಳು ಒಳಗೆ ಹೋಗಿದ್ದವು.

"ಅಕ್ಕಾ, ಮಾತಾಡು."

ಅವಳು ಸೂಜಿ ನೋಡುತ್ತಿದ್ದಳು.

"ನೀನು ಸುಮ್ಮನಾದ್ರೆ ಅವಳೊಬ್ಬಳೇ ಆಗ್ತಾಳೆ. ಇಬ್ರೂ ಇದ್ರೆ ಇವಳು ನಿಜವಾದವಳು, ಅವಳು ಸುಳ್ಳು ಅಂತ ಹೋಲಿಸಿ ನೋಡ್ತೀನಿ. ಈಗ ಹೋಲಿಸೋಕೆ ಏನೂ ಇಲ್ಲ. ಬೈಯೋದಾದ್ರೂ ಬೈಯಿ. ಆದರೆ ನನ್ನ ಮುಂದೆ ನಿಂತು ಬೈಯಿ. ಬಾಯಿ ಅಲ್ಲಾಡೋದು ಕಂಡ್ರೆ ಸಾಕು."

ಟೈಲರಕ್ಕ ಬಟ್ಟೆ ಪಕ್ಕಕ್ಕಿಟ್ಟು ಅವನ ಮುಖ ನೋಡಿದಳು. ಬಾಯಿಗೆ ಬಂದದ್ದೇ, "ಕತ್ತೆ, ಸ್ನಾನ ಮಾಡಿ ಎಷ್ಟು ದಿನ ಆಯ್ತೋ? ನಾರ್ತಿದ್ದೀಯ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. "ಹೂಂ" ಎಂದ, ತಕ್ಷಣ. ಎದ್ದು ಬಚ್ಚಲಿಗೆ ಹೋದ. ನೀರಿನ ಸದ್ದು ಕೇಳಿದ ಮೇಲೆ ಅವಳು ಯೂನಿಫಾರಂನಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಆ ಅಂಗಿಗೆ ಮತ್ತೆ ಇಸ್ತ್ರಿ ಹಾಕಬೇಕಾಯಿತು.

ಆ ಸಂಜೆ ಡ್ರೈವರಣ್ಣ ಬಂದಾಗ ಅವರ ಕೈಲೇ ಮೆಷಿನ್ನು ಎತ್ತಿಸಿ, ಮಂಚದ ಕಡೆ ಮುಖ ಮಾಡಿ ಇಡಿಸಿದಳು. ಬೆಳಕು ಈಗ ಬೆನ್ನ ಹಿಂದಿನಿಂದ ಬಂದು, ಅವಳ ನೆರಳೇ ಬಟ್ಟೆಯ ಮೇಲೆ ಬೀಳುತ್ತಿತ್ತು. ಮೊದಲನೇ ದಿನವೇ ಎರಡು ಪ್ಯಾಂಟಿನ ಹೊಲಿಗೆ ಸೊಟ್ಟಗಾಗಿ ಬಿಚ್ಚಬೇಕಾಯಿತು. ಟೇಬಲ್ ಲ್ಯಾಂಪು ಇಟ್ಟರೆ ಕಣ್ಣಿಗೆ ಚುಚ್ಚುತ್ತಿತ್ತು. ದಿನಕ್ಕೊಂದು ಸಲವಾದರೂ ಸೈಕಲ್ ಅಂಗಡಿಯನ್ನೂ, ಡ್ರೈವರಣ್ಣನ ಮೀಸೆಯನ್ನೂ ಬೈಯುತ್ತಿದ್ದಳು, ತಮ್ಮನಿಗೆ ಕಾಣುವ ಹಾಗೆ. ಅಡುಗೆಮನೆಯಿಂದ ಮಾತ್ರ ಈಗಲೂ ಅಭ್ಯಾಸಬಲದಿಂದ ಕೂಗಿಬಿಡುತ್ತಿದ್ದಳು. ಮೌನ ಬಂದೊಡನೆ ನಾಲಿಗೆ ಕಚ್ಚಿಕೊಂಡು, ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಹೋಗಿ ಅವನ ಮುಂದೆ ನಿಂತು ಹೇಳಬೇಕು. ಒಂದು 'ಊಟಕ್ಕೆ ಬಾ'ಗೆ ಇಷ್ಟು ಮೆರವಣಿಗೆ.

ಆಸ್ಪತ್ರೆಗೆ ಬರುತ್ತೇನೆ ಎಂದು ತಮ್ಮನೇ ಹೇಳಿದ. ಹೂವಮ್ಮ ಅವನಿಗೆ, "ಮಾತ್ರೆ ಕಮ್ಮಿ ಮಾಡ್ಕೋಬೇಕು ಅಂದ್ರೆ ಡಾಕ್ಟರ ಮುಂದೆ ಕೂತು ಕೇಳು, ಕದ್ದು ಮುರೀಬೇಡ. ಕದ್ದು ಮುರಿದವರನ್ನ ಎತ್ಕೊಂಡು ಬರೋದನ್ನ ನಾನು ಅಂಗಡಿ ಎದುರಿಗೇ ನೋಡ್ತಿರ್ತೀನಿ" ಎಂದಿದ್ದಳಂತೆ.

ಡಾಕ್ಟರು ಕಂಪ್ಯೂಟರನ್ನು ನೋಡುತ್ತಾ ಟೈಲರಕ್ಕನನ್ನು ಕೇಳಿದರು. "ನಿದ್ದೆ ಮಾಡ್ತಾನಾ?"

"ಅವನನ್ನ ಕೇಳಿ ಸಾರ್. ಎದುರಿಗೇ ಇದ್ದಾನೆ."

ತಮ್ಮ ತಾನೇ ಹೇಳಿದ. ಮಾತ್ರೆ ಅರ್ಧ ಮಾಡಿದ್ದು, ನಿದ್ದೆ ಹೋದದ್ದು, ದನಿ ಅಕ್ಕನದು ಅನ್ನುವುದು, ಬಾಯಿ ನೋಡುವ ಉಪಾಯ. ತಡವರಿಸಿದ, ಆದರೆ ಹೇಳಿದ. ಡಾಕ್ಟರು ಟೈಪು ಮಾಡಿಕೊಂಡು, "ಹೂಂ. ದನಿ ಜಾಸ್ತಿಯಾಗಿದೆ. ಹಳೇ ಡೋಸಿಗೆ ಹೋಗೋಣ, ಮೇಲೊಂದು ಹೊಸದು ಸೇರಿಸೋಣ" ಎಂದರು.

ಇಷ್ಟೆಲ್ಲ ಹೇಳಿದ್ದು ಕೊನೆಗೆ 'ಜಾಸ್ತಿಯಾಗಿದೆ' ಎಂಬ ಒಂದು ಮಾತಾಗಿಬಿಟ್ಟಿತಲ್ಲ ಎಂದು ಟೈಲರಕ್ಕ ಕುರ್ಚಿಯ ತುದಿಗೆ ಸರಿದಳು. "ಸಾರ್, ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಅದು ಯಾರ ದನಿ ಅಂತ ನೀವು ಯಾಕೆ ಕೇಳಲಿಲ್ಲ?"

ಡಾಕ್ಟರು ಮೊದಲ ಸಲ ಕೀಬೋರ್ಡಿನಿಂದ ಕೈ ತೆಗೆದರು. ಅವರ ಕಣ್ಣೂ ನಿದ್ದೆಗೆಟ್ಟ ಕಣ್ಣೇ. "ಕೇಳಬೇಡಿ, ಕೇಳಿದರೆ ಅದು ಇನ್ನೂ ಗಟ್ಟಿಯಾಗುತ್ತೆ ಅಂತ ನಮಗೆ ಕಲಿಸಿದ್ರು. ಈಗ ಕೆಲವರು ಕೇಳಿ ಅಂತಾರೆ. ನನಗೂ ಗೊತ್ತಿಲ್ಲಮ್ಮಾ. ಕೇಳೋಕಾದರೂ ಹೊತ್ತು ಎಲ್ಲಿದೆ? ಹೊರಗೆ ನೋಡಿದ್ರಲ್ಲ ಎಷ್ಟು ಜನ."

ಜಗಳಕ್ಕೆ ಸಿದ್ಧವಾಗಿ ಬಂದವಳಿಗೆ ಎದುರಾಳಿಯೇ ಹೀಗೆ ಕೈ ಚೆಲ್ಲಿದರೆ ಏನು ಮಾಡುವುದು? ಬೈಯುವಷ್ಟು ಕೆಟ್ಟವರಲ್ಲ, ಹೊಗಳುವಷ್ಟು ಕೆಲಸಕ್ಕೆ ಬಂದವರೂ ಅಲ್ಲ. ಕೊನೆಗೆ ತಮ್ಮನೇ, "ಹಳೇ ಡೋಸಿಗೆ ಬರ್ತೀನಿ ಸಾರ್. ಹೊಸದು ಬೇಡ. ಸರಿ ಹೋದ ಮೇಲೆ ನಿಧಾನವಾಗಿ ಇಳಿಸೋದನ್ನ ನೀವೇ ಹೇಳಿಕೊಡಿ" ಎಂದ. ಡಾಕ್ಟರು ಯೋಚಿಸಿ, "ನೋಡೋಣ" ಎಂದರು. ಆಸ್ಪತ್ರೆಯಲ್ಲಿ ಅಕ್ಕ ತಮ್ಮನಿಗೆ ಇದುವರೆಗೆ ಸಿಕ್ಕಿದ್ದರಲ್ಲಿ ಅದೇ ಒಳ್ಳೆಯ ಮಾತು.

ನಿದ್ದೆ ನಿಧಾನವಾಗಿ ಮರಳಿತು. ತಮ್ಮ ಸ್ಟೋರಿಗೆ ಹೋಗತೊಡಗಿದ. ದನಿ ಹೋಗಲಿಲ್ಲ. ಅವನನ್ನು ಮತ್ತೆ ಲಿಫ್ಟ್ ಕೆಲಸಕ್ಕೆ ಹಾಕಿ ಎಂದು ಟೈಲರಕ್ಕ ಕಂಪನಿಗೆ ಹೋಗಿ ಕೇಳಿದಳು. ಅವರು ನೀರು ಕೊಟ್ಟು, ಸಮಾಧಾನವಾಗಿ ಮಾತಾಡಿ, ಆಗಲ್ಲ ಎಂದರು. ಕೂಟಕ್ಕೆ ಮತ್ತೆ ಹೋದ ಮೊದಲ ಶನಿವಾರವೇ ತಮ್ಮ ಬಾಡಿದ ಮುಖದಿಂದ ಬೇಗ ವಾಪಸ್ಸು ಬಂದ. ಮಾತ್ರೆಗೆ ಮರಳಿದ್ದಕ್ಕೆ ಕ್ರಾಂತಿ ಎಲ್ಲರೆದುರು, "ಸೋತುಬಿಟ್ರಲ್ಲ" ಎಂದನಂತೆ. ಡ್ರೈವರಣ್ಣ ಗದರಿದರೂ ಆಡಿದ ಮಾತು ಆಡಿಯಾಗಿತ್ತು.

"ನಾಳೇನೇ ಹೋಗಿ ಅವನ ಕನ್ನಡಕ ಕಿತ್ತು ಬರ್ತೀನಿ" ಎಂದಳು ಟೈಲರಕ್ಕ, ಎದುರಿಗೆ ನಿಂತು.

"ಬೇಡ ಅಕ್ಕಾ. ಅವನಿಗೆ ಅವನ ಅಪ್ಪನ ದನಿ ಕೇಳಿಸುತ್ತೆ. ಸೋತುಬಿಟ್ಟೆ ಅಂತಾನೇ ಇಡೀ ದಿನ ಅನ್ನುತ್ತಂತೆ." ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. "ಮುಂದಿನ ವಾರ ಹೋಗ್ತೀನಿ."

ಹೋದ. ಆ ಶನಿವಾರ ಸಂಜೆ ಮನೆಯಲ್ಲಿ ಟೈಲರಕ್ಕ ಒಬ್ಬಳೇ. ಬಿಸಿಲು ಇನ್ನೂ ಇತ್ತು, ಕೈಯಲ್ಲಿ ಕೆಲಸ ಇರಲಿಲ್ಲ. ಖಾಲಿ ಮಂಚ ನೋಡುತ್ತಾ ಕೂತವಳಿಗೆ, ತನ್ನ ದನಿ ನಿಜಕ್ಕೂ ಹೇಗಿದೆ ಎಂದು ಕೇಳಬೇಕು ಅನ್ನಿಸಿತು.

"ಮಾತ್ರೆ ತಗೊಂಡ್ಯಾ?" ಎಂದಳು ಗಟ್ಟಿಯಾಗಿ. ಪೊಲೀಸಿನವರು ಲೈಸೆನ್ಸ್ ಕೇಳಿದ ಹಾಗಿತ್ತು. ಸ್ವಲ್ಪ ಮೆದುವಾಗಿ, "ಮಾತ್ರೆ ತಗೊಂಡ್ಯಾಪ್ಪಾ?" ನಾಟಕದ ತಾಯಿಯ ಹಾಗಾಯಿತು. ನಗುತ್ತಾ ಹೇಳಿ ನೋಡಿದಳು. ಅದು ಕೇಳಿ ಅವಳಿಗೇ ಭಯವಾಯಿತು. ಬೈಗುಳ ಬೇರೆ, ಕಾಳಜಿ ಬೇರೆ ಎಂದು ಇಷ್ಟು ದಿನ ನಂಬಿದ್ದಳು. ಈ ಗಂಟಲಲ್ಲಿ ಎರಡಕ್ಕೂ ಒಂದೇ ದಾರಿ ಇದ್ದ ಹಾಗಿತ್ತು. "ಊಟ ಮಾಡೋ. ಊಟ ಮಾಡು. ಊಟ ಮಾಡ್ತೀಯಾ?" ಥೂ, ಯಾವುದೂ ಸರಿಯಿಲ್ಲ.

"ಟೈಲರಕ್ಕ... ಯಾರ ಜೊತೆ ಮಾತಾಡ್ತಿದ್ದೀರಿ?"

ಬಾಗಿಲಲ್ಲಿ ಕೆಳಗಿನ ಮನೆಯ ಗುಮಾಸ್ತರು, ಕೈಯಲ್ಲಿ ಪ್ಯಾಂಟು ಹಿಡಿದು ನಿಂತಿದ್ದರು. ಅವಳನ್ನು ನೋಡಿದರು, ಖಾಲಿ ಮಂಚವನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಒಂದು ಹೆಜ್ಜೆ ಹಿಂದೆಯೂ ಸರಿದರು. ತಮ್ಮನ ಜೊತೆ ಬಸ್ಸಿನಲ್ಲಿ ಹೋಗುವಾಗ, ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟು ಹುಡುಕುವ ಮುಂಚೆ ಹೀಗೇ ನೋಡುವುದನ್ನು ಅವಳು ಕಂಡಿದ್ದಳು. ಆ ನೋಟ ತನ್ನ ಮೈಮೇಲೆ ಬಿದ್ದದ್ದು ಇದೇ ಮೊದಲು.

ವಿವರಿಸಿ ಹೇಳೋಣ ಎಂದು ಬಾಯಿ ತೆರೆದಳು. ಎಲ್ಲಿಂದ ಶುರು ಮಾಡುವುದು? ಏನು ಹೇಳಿದರೂ ಈ ಮನುಷ್ಯ ಮೆಟ್ಟಿಲಿಳಿಯುವಷ್ಟರಲ್ಲಿ, ತಮ್ಮನದು ಅಕ್ಕನಿಗೂ ಅಂಟಿತು ಎಂದು ತೀರ್ಮಾನಿಸಿರುತ್ತಾನೆ.

"ಗೋಡೆ ಜೊತೆ" ಎಂದಳು, ಅಳತೆ ಟೇಪನ್ನು ಕೊರಳಿನಿಂದ ಎಳೆಯುತ್ತಾ. "ಒಳಗೆ ಬನ್ನಿ, ನಾನು ಕಚ್ಚಲ್ಲ. ಉದ್ದ ಎಷ್ಟು ಕಮ್ಮಿ ಮಾಡಬೇಕು ಹೇಳಿ."